ಬ್ರಿಟನ್ನಿನ ಸುದ್ದಿಗಳಲ್ಲಿ ‘ಏಷ್ಯನ್’ ಅಂದರೆ ಚೀನೀಯರು, ಜಪಾನೀಯರು ಯಾಕೆ ಅಲ್ಲ?

ಅಲ್ಲಿನ ಪತ್ರಿಕೆ, ಟಿವಿಗಳಲ್ಲಿ ‘ಏಷ್ಯನ್’ ಅಂದರೆ ಸಾಮಾನ್ಯವಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರು. ಏಷ್ಯಾದಿಂದ ಬ್ರಿಟನ್ನಿಗೆ ಜಾಸ್ತಿ ವಲಸೆ ಬಂದವರು ಇವರೇ. ಏಷ್ಯಾದಿಂದ ಅಮೆರಿಕಕ್ಕೆ ಮೊದಲು ದೊಡ್ಡ ಸಂಖ್ಯೆಯಲ್ಲಿ ಹೋದವರು ಚೀನೀಯರು, ಜಪಾನೀಯರು. ಹಾಗಾಗಿ ಅಲ್ಲಿ ಆ ಪದ ಅವರನ್ನೇ ನೆನಪಿಸುತ್ತದೆ.

ಬ್ರಿಟನ್ನಿನ ಈ ಬಳಕೆಗೆ ಪೂರ್ವ ಆಫ್ರಿಕಾದ ನಂಟೂ ಇದೆ. 1947ರ ದೇಶ ವಿಭಜನೆಯ ನಂತರ ಅಲ್ಲಿ ನೆಲೆಸಿದ್ದ ಭಾರತ ಉಪಖಂಡದವರನ್ನೆಲ್ಲ ‘ಇಂಡಿಯನ್’ ಅನ್ನುವಂತಿರಲಿಲ್ಲ. ಪಾಕಿಸ್ತಾನ ಮೂಲದವರೂ ಇದ್ದರು, ಅಲ್ವಾ? ಅದಕ್ಕೇ ‘ಏಷ್ಯನ್’ ರೂಢಿಗೆ ಬಂತು. 1972ರಲ್ಲಿ ಉಗಾಂಡದ ಸರ್ವಾಧಿಕಾರಿ ಇದಿ ಅಮೀನ್ ಇವರನ್ನು ಆ ದೇಶದಿಂದ ಹೊರಹಾಕಿದಾಗ ಸುಮಾರು 28,000 ಜನ ಬ್ರಿಟನ್ನಿಗೆ ಬಂದರು. ಸುದ್ದಿಗಳು ಅವರನ್ನು ‘ಉಗಾಂಡದ ಏಷ್ಯನ್ನರು’ ಎಂದೇ ಕರೆದವು.

ನನಗೆ ಈ ಪದ ತೀರಾ ದೊಡ್ಡದು ಅನ್ನಿಸುತ್ತದೆ. ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ಬಂದವರ ಕಷ್ಟ ಬೇರೆ, ಗುಜರಾತಿ ವ್ಯಾಪಾರಿಗಳ ಕಥೆ ಬೇರೆ. ಎರಡಕ್ಕೂ ಒಂದೇ ಹೆಸರು.