ಕೆರೆದ ಗುರುತೇ ನೀರಾದಾಗ

ಪ್ರಶ್ನೆ: ಗಣಿತದ ಮೇಷ್ಟರಾಗಿ ನಿವೃತ್ತನಾದೆ, ಈಗ 62 ವರ್ಷ. ಗುಡ್ಡ, ಕೆರೆಗಳನ್ನು ಇದ್ದಂತೆ ಬರೆದರೆ ಕ್ಯಾಲೆಂಡರಿನ ಚಿತ್ರವಾಗುತ್ತದೆ. ಅಮೂರ್ತವಾಗಿ, ಅಂದರೆ ಕಂಡ ರೂಪ ಬಿಟ್ಟು ಬರೀ ಬಣ್ಣ-ಆಕಾರಗಳಲ್ಲಿ ಬರೆಯಹೋದರೆ ಬಣ್ಣ ಚೆಲ್ಲಿದಂತಾಗುತ್ತದೆ. ಮೊಮ್ಮಗಳು ‘ಇದೇನು ಅಜ್ಜ?’ ಎನ್ನುತ್ತಾಳೆ. ಎಲ್ಲಿಂದ ಶುರು ಮಾಡಲಿ? ತಡವಾಯಿತೇ?

ಉತ್ತರ: ತಡದ ಮಾತನ್ನು ಮೊದಲು ಮುಗಿಸಿಬಿಡೋಣ, ಮೇಷ್ಟರೇ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಒಂದಕ್ಕೊಂದು ಹೆಣೆದು ಆಕಾರ ಮಾಡುತ್ತಿದ್ದ ರವೀಂದ್ರನಾಥ ಟ್ಯಾಗೋರರು ಚಿತ್ರಕಲೆಯನ್ನು ಗಟ್ಟಿಯಾಗಿ ಹಿಡಿದದ್ದು ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನವಾದಾಗ ಅವರು 69ರ ಹೊಸ್ತಿಲಲ್ಲಿದ್ದರು.

ನಾನು ಕುಂಚ ಹಿಡಿದದ್ದು 58ನೇ ವಯಸ್ಸಿನಲ್ಲಿ. ಅದಕ್ಕೂ ಮೊದಲು ಮೂವತ್ತು ವರ್ಷ ಭೂಮಾಪನದ ನಕ್ಷೆ ಬರೆದವನು. ಗೆರೆ ಕೂದಲೆಳೆಯಷ್ಟು ಸರಿದರೂ ಸಹಿಸದ ಕೈ ಇದು. ಮೊದಲ ವರ್ಷ ನನ್ನ ಗುಡ್ಡಗಳಿಗೆಲ್ಲ ಬೇಲಿ ಹಾಕಿದಂಥ ಅಂಚು. ಕೊನೆಗೆ ಸಣ್ಣ ಕುಂಚಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ, ಬಾಗಿಲಿಗೆ ಬಣ್ಣ ಬಳಿಯುವ ಎರಡಂಗುಲದ ಬ್ರಷ್ ಹಿಡಿದೆ. ಅಂಗೈಯಗಲದ ಹಾಳೆಯ ಮೇಲೆ ಅದರಿಂದ ಎಲೆ ಬರೆಯಲಾಗದು. ಬರೆಯಲಾಗದ್ದನ್ನು ಬಿಡುವುದು ಹಾಗೆ ರೂಢಿಯಾಯಿತು.

ನಿಮ್ಮ ತೊಡಕು, ನನ್ನ ಊಹೆಯಲ್ಲಿ, ಇಷ್ಟೇ: ಅಮೂರ್ತ ಎಂದೊಡನೆ ನೀವು ಕೆರೆಗೆ ಬೆನ್ನು ಹಾಕಿ ಕೂರುತ್ತೀರಿ. ಏನೂ ನೋಡದೆ ಬಳಿದರೆ ಚೆಲ್ಲಿದಂತೆಯೇ ಆಗುತ್ತದೆ. ಅಮೂರ್ತವೆಂದರೆ ನೋಡಿದ್ದರಲ್ಲಿ ಕಳೆಯುವ ಲೆಕ್ಕ. ಮನುಷ್ಯರ ಆಕೃತಿಗಳನ್ನು ಬರೆಯುತ್ತಿದ್ದ ಚಿತ್ರಕಾರ ರಾಮ್ ಕುಮಾರ್ 1960ರ ಸುಮಾರಿಗೆ ಬನಾರಸಿಗೆ ಹೋದರು. ಆಮೇಲೆ ಅವರ ಚಿತ್ರಗಳಿಂದ ಜನ ಮರೆಯಾದರು; ಸ್ನಾನಘಟ್ಟ, ಮನೆ, ನದಿ ಬಣ್ಣದ ಪಟ್ಟಿ ಪದರಗಳಾದವು. ಊರನ್ನು ಅಷ್ಟು ನೋಡಿದ್ದರಿಂದಲೇ ಅಷ್ಟು ಬಿಡಲು ಸಾಧ್ಯವಾಯಿತು.

ಹೀಗೆ ಮಾಡಿ. ಕೆರೆಯ ಮುಂದೆ ಕುಳಿತು, ಎಲೆಗಳು ಕರಗಿ ಬರೀ ಬಣ್ಣದ ಮುದ್ದೆಯಾಗುವಷ್ಟು ಕಣ್ಣು ಕಿರಿದು ಮಾಡಿ. ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಪೆನ್ಸಿಲಿನಿಂದ ಮೂರೇ ಛಾಯೆ: ಗಾಢ, ನಡುವಣದು, ತಿಳಿ. ಇಂಥವು ಹತ್ತು. ಮರುದಿನ ಅವನ್ನು ಮುಚ್ಚಿಟ್ಟು, ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಬಣ್ಣದಲ್ಲಿ ಬರೆಯಿರಿ. ಮೊನ್ನೆ ಮಳೆ ನಿಂತ ಸಂಜೆ ನೋಡಿದ ಕೆರೆಯಲ್ಲಿ ನನಗೆ ಉಳಿದದ್ದು ಮುಕ್ಕಾಲು ಹಾಳೆ ಬೂದು ಆಕಾಶ, ತಳದಲ್ಲಿ ಕಂದು ಪಟ್ಟಿ, ನಡುವೆ ನೀರು ಹೊಳೆದ ಒಂದು ಬಿಳಿ ಗೀರು. ಗೀರನ್ನು ದಪ್ಪ ಮಾಡಿದೆ, ಸುಣ್ಣದ ಗೋಡೆಯಂತಾಯಿತು. ಸಿಟ್ಟಿನಿಂದ, ಬಣ್ಣ ಇನ್ನೂ ಹಸಿ ಇರುವಾಗಲೇ ಪ್ಯಾಲೆಟ್ ನೈಫಿನಿಂದ (ಬಣ್ಣ ಕಲಸುವ ಮೊಂಡು ಚಾಕು) ಕೆರೆದು ತೆಗೆದೆ. ಕೆರೆದ ಗುರುತೇ ನೀರಾಗಿ ನಿಂತಿತು! (ನಾನು ಬಳಸುವ ಅಕ್ರಿಲಿಕ್ ಬಣ್ಣ ಬೇಗ ಒಣಗುತ್ತದೆ, ಸಿಟ್ಟು ಬರುವುದಿದ್ದರೆ ಬೇಗ ಬರಲಿ.)

ಬಣ್ಣ ಮೂರು ಸಾಕು: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಕಂದು, ಬಿಳಿ. ನೀಲಿ-ಕಂದು ಬೆರೆತರೆ ಚೆಂದದ ಬೂದು. ನೀಲಿ ಹೆಚ್ಚಾದರೆ ದೂರ ಸರಿಯುತ್ತದೆ, ಕಂದು ಹೆಚ್ಚಾದರೆ ಹತ್ತಿರ ಬರುತ್ತದೆ. ಕಪ್ಪಿನ ಟ್ಯೂಬಿಗೆ ಸದ್ಯ ಕೈ ಹಾಕಬೇಡಿ.

ಮೊಮ್ಮಗಳಿಗೆ ಉತ್ತರ ಕೊಡಲು ಹೋಗಬೇಡಿ. ಹಾಳೆಯನ್ನು ತಲೆಕೆಳಗು ಮಾಡಿ, ‘ಇಲ್ಲಿ ಚಳಿಯೋ ಸೆಕೆಯೋ?’ ಎಂದು ಕೇಳಿ. ನಿಮ್ಮ ಚಿತ್ರದಲ್ಲಿ ಭಾರ ಯಾವ ಕಡೆ ವಾಲಿದೆ ಎಂಬುದೂ ಆಗಲೇ ಕಾಣುತ್ತದೆ.

ಪ್ರಶ್ನೆ: ಕಣ್ಣಿನ ಪೊರೆ ತೆಗೆಸಿದ ಮೇಲೆ ನನ್ನ ಹಳೆಯ ನಿಸರ್ಗಚಿತ್ರಗಳು ವಿಚಿತ್ರವಾಗಿ ಕಾಣುತ್ತಿವೆ. ತಿದ್ದಲೇ?

ಉತ್ತರ: ಬೇಡ ತಾಯಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿಯನ್ನು ತಡೆಯುತ್ತದೆ. ಈಗ ಆ ನೀಲಿ ಮರಳಿ ಬಂದಿದೆ. 1923ರಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ ಕೂಡ ಹಳೆಯ ಕೆಲವು ಚಿತ್ರಗಳನ್ನು ತಿದ್ದಿದ, ಕೆಲವನ್ನು ಹಾಳುಗೆಡವಿದ. ನೀವು ಹಿಂಬದಿಯಲ್ಲಿ ತಾರೀಖು ಬರೆದು ಅವನ್ನು ಗೋಡೆಗೆ ಮುಖ ಮಾಡಿ ಇಡಿ. ಅದೇ ಜಾಗಕ್ಕೆ ಇನ್ನೊಮ್ಮೆ ಹೋಗಿ, ಹೊಸ ಹಾಳೆ ತೆಗೆದುಕೊಂಡು.