ಆ ಸಂಖ್ಯೆಯಿಂದ ಅಮ್ಮನಿಗೇನು ಬಂತು?

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಸಂಶೋಧಕರೊಬ್ಬರ ಪರಿಚಯ ಹಾಕಿದ್ದೆವು. ಅವರು ಎಷ್ಟು ಪ್ರಬಂಧ ಬರೆದಿದ್ದಾರೆ, ಬೇರೆ ಸಂಶೋಧಕರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅವರ ಎಚ್-ಇಂಡೆಕ್ಸ್ (ಪ್ರಬಂಧ, ಉಲ್ಲೇಖ ಎರಡನ್ನೂ ಲೆಕ್ಕ ಹಾಕಿ ಸಂಶೋಧಕರಿಗೆ ಕೊಡುವ ಅಂಕ) ಎಷ್ಟು ಎಂಬುದನ್ನೆಲ್ಲ ದಪ್ಪ ಅಕ್ಷರದಲ್ಲಿ ಕೊಟ್ಟಿದ್ದೆವು. ಅದನ್ನು ಓದಿ ನೀವು ಬರೆದಿದ್ದೀರಿ: "ಆರು ವರ್ಷದಿಂದ ನನ್ನ ಅಮ್ಮನಿಗೆ ಮರೆವಿನ ಕಾಯಿಲೆ. ಈಗೀಗ ನನ್ನನ್ನೇ ನೀನು ಯಾರು ಅಂತ ಕೇಳ್ತಾರೆ. ಈ ಸಂಖ್ಯೆಗಳಿಂದ ಅವರಿಗೇನು ಬಂತು?" ಇಂಥ ಸಂಖ್ಯೆ ನೋಡಿ ಡಾಕ್ಟರನ್ನು ಆರಿಸಬಹುದಾ ಅಂತಲೂ ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಬೇಡ. ಪ್ರಬಂಧ ಬರೆಯುವುದು ಬೇರೆ, ರೋಗಿಯನ್ನು ನೋಡುವುದು ಬೇರೆ. ನೀವು ಹೇಳುವುದನ್ನು ಕೂತು ಕೇಳಿಸಿಕೊಂಡು, ಅಮ್ಮನ ಜೊತೆ ನಿಮ್ಮ ನಿದ್ದೆಯನ್ನೂ ವಿಚಾರಿಸುವ ಡಾಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ.

ಮೊದಲ ಪ್ರಶ್ನೆ ಮಾತ್ರ ಎರಡು ದಿನ ನನ್ನನ್ನು ಕಾಡಿತು.

ಅಮ್ಮನನ್ನು ಮೊದಲ ಸಲ ತೋರಿಸಿದ ದಿನದ ಬಗ್ಗೆ ಬರೆದಿದ್ದೀರಲ್ಲ. ಡಾಕ್ಟರ್ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು. ಅಮ್ಮ ತೊಂಬತ್ತಮೂರಕ್ಕೆ ನಿಂತು ನಿಮ್ಮ ಮುಖ ನೋಡಿದರು. ಆ ಪ್ರಶ್ನೆಗಳನ್ನು ಒಂದು ಹಾಳೆಗೆ ತಂದದ್ದು 1975ರ ಒಂದು ಪ್ರಬಂಧ. ಬರೆದವರು ಮಾರ್ಷಲ್ ಫೋಲ್‌ಸ್ಟೀನ್, ಸೂಸನ್ ಫೋಲ್‌ಸ್ಟೀನ್ ಮತ್ತು ಪಾಲ್ ಮೆಕ್‌ಹ್ಯೂ. ಒಟ್ಟು 30 ಅಂಕ. ಇವತ್ತು ಯಾವ ವಾರ, ಯಾವ ತಿಂಗಳು, ನಾವೀಗ ಎಲ್ಲಿದ್ದೇವೆ ಅನ್ನುವುದಕ್ಕೇ 10 ಅಂಕ. ಒಂದರೊಳಗೊಂದು ಮೂಲೆ ಚಾಚಿಕೊಂಡ ಎರಡು ಪಂಚಕೋನಗಳನ್ನು ನೋಡಿ ಬಿಡಿಸುವುದಕ್ಕೆ ಒಂದು. ಹತ್ತು ನಿಮಿಷದ ಕೆಲಸ. ಆ ಪ್ರಬಂಧವನ್ನು ಹತ್ತಾರು ಸಾವಿರ ಸಲ ಉಲ್ಲೇಖಿಸಿದ್ದಾರೆ. ಇಲ್ಲಿ ಸಂಖ್ಯೆಗೆ ಅರ್ಥವಿದೆ, ಯಾಕೆಂದರೆ ಆ ಕೆಲಸ ನಿಮ್ಮ ಅಮ್ಮ ಕೂತಿದ್ದ ಕುರ್ಚಿಯ ತನಕ ಬಂದಿದೆ. ಅವರನ್ನು ವಾಸಿ ಮಾಡಲಿಲ್ಲ, ನಿಜ. ಆ ನೋವನ್ನು ನಾನು ಸಣ್ಣದು ಮಾಡುವುದಿಲ್ಲ.

ಮರುವರ್ಷ, 1976ರಲ್ಲಿ, ರಾಬರ್ಟ್ ಕಾಟ್ಜ್‌ಮನ್ ಎಂಬ ನರರೋಗ ತಜ್ಞರು ಎರಡೇ ಪುಟದ ಸಂಪಾದಕೀಯ ಬರೆದರು. ಅಲ್ಲಿಯವರೆಗೆ ಅಲ್ಝೈಮರ್ ಅಂದರೆ ನಡುವಯಸ್ಸಿನವರಿಗೆ ಬರುವ ಅಪರೂಪದ ಮರೆವಿನ ಕಾಯಿಲೆ ಅಂತಲೇ ಲೆಕ್ಕ. ವಯಸ್ಸಾದವರದ್ದಾದರೆ, "ವಯಸ್ಸಾಯ್ತು, ಮರೀತಾರೆ ಬಿಡಿ." ಎರಡೂ ಒಂದೇ ಕಾಯಿಲೆ, ಜಾಸ್ತಿ ಜನರ ಪ್ರಾಣ ತೆಗೆಯುವ ಕಾಯಿಲೆಗಳ ಸಾಲಿನಲ್ಲಿ ಇದನ್ನೂ ಇಡಬೇಕು ಎಂದು ಅವರು ವಾದಿಸಿದರು. ಸಂಪಾದಕೀಯ ಬರೆಯುವ ನನಗೆ ಆ ಎರಡು ಪುಟದ ಮೇಲೆ ಬಹಳ ಗೌರವ.

ಆದರೆ ಜಾಸ್ತಿ ಉಲ್ಲೇಖ ಸಿಕ್ಕಿದ್ದೆಲ್ಲ ನಿಜವೂ ಅಲ್ಲ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಮಿದುಳಿನಲ್ಲಿ ಸೇರುವ ಅಮಿಲಾಯ್ಡ್ ಪ್ರೋಟೀನಿನ ಒಂದು ರೂಪ ಇಲಿಗಳ ನೆನಪನ್ನು ಕೆಡಿಸುತ್ತದೆ ಎಂದು ಅದು ಹೇಳಿತು. ಎರಡು ಸಾವಿರಕ್ಕೂ ಹೆಚ್ಚು ಉಲ್ಲೇಖ ಸಿಕ್ಕಿತು. ಅದರ ಚಿತ್ರಗಳನ್ನು ತಿದ್ದಿರುವ ಶಂಕೆಯನ್ನು 2022ರಲ್ಲಿ ಸೈನ್ಸ್ ಪತ್ರಿಕೆ ಬಯಲಿಗೆ ತಂದಿತು. 2024ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಹದಿನೆಂಟು ವರ್ಷ! ಕಾಯುತ್ತಿರುವ ಮನೆಗಳಿಗೆ ಅದು ಎಷ್ಟು ದೀರ್ಘ ಅಂತ ನಿಮಗೆ ಗೊತ್ತು.

ಎಚ್-ಇಂಡೆಕ್ಸ್ ಬಗ್ಗೆಯೂ ಹೇಳಬೇಕು. 2005ರಲ್ಲಿ ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ ಇದನ್ನು ಮುಂದಿಟ್ಟರು. ಒಬ್ಬರ 40 ಪ್ರಬಂಧಗಳಿಗೆ ತಲಾ ಕನಿಷ್ಠ 40 ಉಲ್ಲೇಖ ಸಿಕ್ಕಿ, 41ಕ್ಕೆ ತಲಾ 41 ಸಿಗದಿದ್ದರೆ, ಅವರ ಇಂಡೆಕ್ಸ್ 40. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಅದಕ್ಕೆ ಹತ್ತು ಸಾವಿರ ಉಲ್ಲೇಖ ಸಿಕ್ಕರೂ ಇಂಡೆಕ್ಸ್ 1.

ಮರೆವಿನ ಸಂಶೋಧನೆಗೆ ಈ ಲೆಕ್ಕ ಸರಿಹೋಗುವುದಿಲ್ಲ ಅಂತ ನನಗನ್ನಿಸುತ್ತದೆ. ಇಲ್ಲಿ ಜನರ ಜೊತೆ ವರ್ಷಗಟ್ಟಲೆ ಇರಬೇಕು. 1986ರಲ್ಲಿ ಡೇವಿಡ್ ಸ್ನೋಡನ್ ಕ್ರೈಸ್ತ ಸನ್ಯಾಸಿನಿಯರ ಅಧ್ಯಯನ ಶುರುಮಾಡಿದರು. 678 ಮಂದಿ ಅದರಲ್ಲಿ ಸೇರಿದರು. ಬದುಕಿರುವಾಗ ಮತ್ತೆ ಮತ್ತೆ ನೆನಪಿನ ಪರೀಕ್ಷೆ, ಸತ್ತ ಮೇಲೆ ಮಿದುಳಿನ ದಾನ. ಮಠದ ಕಡತಗಳಲ್ಲಿ ಅವರಲ್ಲಿ ಕೆಲವರು ಇಪ್ಪತ್ತರ ಹರೆಯದಲ್ಲಿ ಬರೆದ ಆತ್ಮಕಥೆಯ ಹಾಳೆಗಳಿದ್ದವು. ಪ್ರತಿ ಹತ್ತು ಪದಕ್ಕೆ ಎಷ್ಟು ವಿಚಾರ ತುಂಬಿದೆ ಅಂತ ಎಣಿಸಿದರು. ವಿಚಾರ ಕಡಿಮೆ ಇದ್ದ ಬರಹದವರಲ್ಲಿ ಮುಪ್ಪಿನಲ್ಲಿ ಅಲ್ಝೈಮರ್ ಜಾಸ್ತಿ ಕಂಡಿತು. ಈ ಫಲಿತಾಂಶ ಅಚ್ಚಾಗಿದ್ದು 1996ರಲ್ಲಿ. ಹೀಗೆ ಹತ್ತು ವರ್ಷ ಕಾಯುವ ಕಿರಿಯ ಸಂಶೋಧಕರಿಗೆ ಮೂರನೇ ವರ್ಷಕ್ಕೇ ಇಂಡೆಕ್ಸ್ ಕೇಳಿದರೆ ಏನು ತೋರಿಸುತ್ತಾರೆ? ಅವರು ಸುಮ್ನೆ ಕೂತಿಲ್ಲ ಅಲ್ವಾ?

ನಮ್ಮ ತಪ್ಪು ಇಲ್ಲೇ ಇದೆ. ಸಂಖ್ಯೆ ಹಾಕಿದೆವು, ಕೆಲಸ ಹೇಳಲಿಲ್ಲ. ಆ ಸಂಶೋಧಕರು ಏನು ಕಂಡುಕೊಂಡರು, ಬೇರೆಯವರು ಅದನ್ನು ಮತ್ತೆ ಮಾಡಿ ನೋಡಿದಾಗ ನಿಂತಿತಾ, ಯಾವ ರೋಗಿಯ ದಿನ ಬದಲಾಯಿತು ಎಂಬುದನ್ನು ಕೇಳಲೇ ಇಲ್ಲ. ಕ್ಷಮಿಸಿ.

ನಿಮ್ಮ ಹೆಸರು ತೆಗೆದು ಪತ್ರವನ್ನು ಆ ಸಂಶೋಧಕರಿಗೇ ಕಳಿಸಿದ್ದೇನೆ. ಉತ್ತರ ಬಂದರೆ ಒಂದು ಸಾಲೂ ಕತ್ತರಿಸದೆ ಇದೇ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ