ಉತ್ತರಾಧಿಕಾರಿ ಎಂದು ಹೆಸರು ಬಿದ್ದವನ ಪಾಡು

ಪ್ರಶ್ನೆ: ನಮ್ಮದು ಅಳಿಯಸಂತಾನ ಕಟ್ಟಿನ ಮನೆತನ. ಯಜಮಾನರ ನಂತರ ಯಜಮಾನಿಕೆ ಯಾರಿಗೆ ಎಂಬುದು ಅಜ್ಜಿಯ ಕಾಲದಲ್ಲಿ ಮನೆಯ ಮಕ್ಕಳಿಗೂ ಗೊತ್ತಿತ್ತಂತೆ. ಚೀನಾದಷ್ಟು ದೊಡ್ಡ ದೇಶದಲ್ಲಿ ಷಿ ಜಿನ್‌ಪಿಂಗ್ ನಂತರ ಯಾರು ಎಂಬುದು ಯಾರಿಗೂ ತಿಳಿಯದೇಕೆ? ಅವರೇ ಒಬ್ಬರ ಹೆಸರು ಹೇಳಿಬಿಟ್ಟರೆ ಮುಗಿಯುವುದಿಲ್ಲವೇ?
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ಹೆಸರು ಹೇಳಿ ನೋಡಿದ್ದಾರೆ. ಹೇಳಿಸಿಕೊಂಡವರ ಗತಿ ಏನಾಯಿತೆಂದು ಕೇಳಿ. ಮಾವೋ ನಂತರ ಲಿಯು ಶಾವೊಚಿ ಎಂದು ಬಹುಕಾಲ ಎಲ್ಲರೂ ನಂಬಿದ್ದರು. ರಾಷ್ಟ್ರಾಧ್ಯಕ್ಷರಾಗಿದ್ದ ಅವರನ್ನು ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ದ್ರೋಹಿ ಎಂದು ಕರೆದು ಪಕ್ಷದಿಂದ ಹೊರಹಾಕಿದರು. 1969ರಲ್ಲಿ ಕೈಫೆಂಗ್ ನಗರದಲ್ಲಿ, ಬಂಧನದಲ್ಲಿದ್ದಾಗಲೇ ಅವರು ತೀರಿಕೊಂಡರು. ಅದೇ ವರ್ಷ, ಲಿನ್ ಬಿಯಾವೊ ಅವರೇ ಮಾವೋ ಉತ್ತರಾಧಿಕಾರಿ ಎಂದು ಪಕ್ಷದ ಸಂವಿಧಾನದಲ್ಲೇ ಬರೆದರು. ಎರಡೂವರೆ ವರ್ಷ ತುಂಬುವ ಮೊದಲೇ, 1971ರ ಸೆಪ್ಟೆಂಬರ್ 13ರಂದು, ದೇಶ ಬಿಟ್ಟು ಹೊರಟಿದ್ದ ಅವರ ವಿಮಾನ ಮಂಗೋಲಿಯಾದಲ್ಲಿ ನೆಲಕ್ಕಪ್ಪಳಿಸಿತು; ಹೆಂಡತಿ, ಮಗ ಇಬ್ಬರೂ ಜೊತೆಯಲ್ಲೇ ಸತ್ತರು. ಮೂರನೆಯವರು ಹುವಾ ಗುವೊಫೆಂಗ್. ಮಾವೋ ತೀರಿಕೊಂಡು ತಿಂಗಳು ಕಳೆಯುವ ಮೊದಲೇ ಅವರ ಪತ್ನಿಯೂ ಸೇರಿದಂತೆ ನಾಲ್ವರು ಪ್ರಭಾವಿಗಳನ್ನು ಬಂಧಿಸಿ ಗಟ್ಟಿಯಾಗಿ ಕುಳಿತಂತೆ ಕಂಡ ಹುವಾ, 1981ಕ್ಕೆ ಪಕ್ಷದ ಅಧ್ಯಕ್ಷ ಪದವಿಯನ್ನೇ ಕಳೆದುಕೊಂಡರು. ಅವರನ್ನು ಬದಿಗೆ ಸರಿಸಿದ ಡೆಂಗ್ ಶಿಯಾವೊಪಿಂಗ್ ಕೂಡ ತಾವೇ ಬೆಳೆಸಿದ ಇಬ್ಬರನ್ನು ಕೆಳಗಿಳಿಸಿದರು: ಹು ಯಾವೊಬಾಂಗ್ 1987ರಲ್ಲಿ, ಝಾವೊ ಝಿಯಾಂಗ್ 1989ರಲ್ಲಿ.

ಇದು ಒಬ್ಬಿಬ್ಬರ ಕೆಟ್ಟ ಗುಣದಿಂದ ಆದದ್ದಲ್ಲ. ಹೆಸರು ಹೊರಬಿದ್ದ ದಿನದಿಂದ ಅಧಿಕಾರಿಗಳು, ಸೇನಾಪತಿಗಳು ಮುಂದಿನ ಮನೆಯ ಜಗಲಿ ಹತ್ತತೊಡಗುತ್ತಾರೆ. ಹಾಲಿ ನಾಯಕನಿಗೆ ಅದು ಕಾಣುತ್ತದೆ. ಉತ್ತರಾಧಿಕಾರಿ ದುರ್ಬಲನಾದರೆ ನಾಳೆ ಪದವಿ ಉಳಿಸಿಕೊಳ್ಳಲಾರ. ಉಳಿಸಿಕೊಳ್ಳುವಷ್ಟು ಬಲಶಾಲಿಯಾದರೆ ಇಂದೇ ಅಪಾಯಕಾರಿ. ಉತ್ತರ ಕೊರಿಯಾ ಇದಕ್ಕೆ ರಕ್ತಸಂಬಂಧದ ದಾರಿ ಹಿಡಿಯಿತು: 1994ರಲ್ಲಿ ಅಪ್ಪನಿಂದ ಮಗನಿಗೆ, 2011ರಲ್ಲಿ ಮೊಮ್ಮಗನಿಗೆ.

ನಿಮ್ಮ ಅಜ್ಜಿಯ ಕಾಲದ ಕಟ್ಟು ನಡೆದದ್ದು ಹಿರಿತನದ ನಿಯಮವಿತ್ತೆಂದು ಮಾತ್ರವಲ್ಲ. ಯಜಮಾನ ಹಾದಿ ತಪ್ಪಿದರೆ ಕೇಳುವವರು ಮನೆಯ ಹೊರಗಿದ್ದರು: ಊರ ಹಿರಿಯರು, ಆಮೇಲೆ ಮುನ್ಸೀಫ್ ಕೋರ್ಟು. ಏಕಪಕ್ಷ ರಾಷ್ಟ್ರದಲ್ಲಿ ಆ 'ಹೊರಗೆ' ಎಂಬುದೇ ಇಲ್ಲ. ಚೀನಾದಲ್ಲಿ ನಿಯಮವಿತ್ತು. ರಾಷ್ಟ್ರಾಧ್ಯಕ್ಷರಿಗೆ ಸತತವಾಗಿ ಐದು ವರ್ಷಗಳ ಎರಡೇ ಅವಧಿ ಎಂದು 1982ರ ಸಂವಿಧಾನ ಹೇಳಿತ್ತು. 2002ರಲ್ಲಿ ಜಿಯಾಂಗ್ ಝೆಮಿನ್ ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನವನ್ನು ಹು ಜಿಂಟಾವೊಗೆ ಬಿಟ್ಟುಕೊಟ್ಟರು (ಸೇನೆಯನ್ನು ನಿಯಂತ್ರಿಸುವ ಸೇನಾ ಆಯೋಗವನ್ನು ಮಾತ್ರ 2004ರವರೆಗೆ ಕೈಬಿಡಲಿಲ್ಲ). 2012ರಲ್ಲಿ ಹು ಅವರಿಂದ ಅದು ಷಿಗೆ ಬಂತು. ಪದ್ಧತಿ ಬೇರೂರಿತೆಂದು ತರಗತಿಯಲ್ಲಿ ನಾನೂ ಹೇಳಿದ್ದೆ. 2018ರ ಮಾರ್ಚ್ 11ರಂದು ರಾಷ್ಟ್ರಾಧ್ಯಕ್ಷರ ಆ ಮಿತಿಯನ್ನು ತೆಗೆದುಹಾಕಲು ಚೀನಾದ ಸಂಸತ್ತಿನಲ್ಲಿ 2,958 ಮತಗಳು ಬಿದ್ದವು; ವಿರುದ್ಧ ಎರಡು. ನಿಜವಾದ ಅಧಿಕಾರವಿರುವ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕಂತೂ ಬರವಣಿಗೆಯಲ್ಲಿ ಅವಧಿಯ ಮಿತಿ ಮೊದಲೇ ಇರಲಿಲ್ಲ. 2022ರಲ್ಲಿ ಷಿ ಮೂರನೆಯ ಬಾರಿ ಅದೇ ಸ್ಥಾನದಲ್ಲಿ ಕುಳಿತರು.

ಈ ಎರಡು ಮತಗಳನ್ನು ನೆನೆದಾಗಲೆಲ್ಲ ನನಗೆ ನಮ್ಮ ಎಡನೀರು ಮಠ ನೆನಪಾಗುತ್ತದೆ. ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಆ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟಿನ 13 ನ್ಯಾಯಾಧೀಶರು ಕೇಳಿದರು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದರು. ಬೀಜಿಂಗ್‌ನಲ್ಲಿ ಅಂಥ ದಾವೆ ಹೂಡುವ ಬಾಗಿಲೇ ಇಲ್ಲ. ಹಾಗಾಗಿ ಷಿ ನಾಳೆ ಒಬ್ಬರ ಹೆಸರು ಹೇಳಿದರೂ ಅದು ಅವರ ಮನಸ್ಸು ಬದಲಾಗುವವರೆಗೆ, ಇಲ್ಲವೇ ಅವರ ಉಸಿರು ನಿಲ್ಲುವವರೆಗೆ ಮಾತ್ರ ಬಾಳುವ ಮಾತು.

ಪ್ರಶ್ನೆ: ವಿಯೆಟ್ನಾಂ ಕಾಳುಮೆಣಸು ನಮ್ಮ ಬೆಲೆಯನ್ನು ಅಲುಗಾಡಿಸುತ್ತದೆ. ಅಲ್ಲಿ ನಾಯಕರು ಬದಲಾದರೆ ಮೆಣಸು ಬೆಳೆಯುವ ನಾವು ಚಿಂತಿಸಬೇಕೇ?
(ಕೃಷಿಕರೊಬ್ಬರು, ಪೈವಳಿಕೆ)

ಉತ್ತರ: ಮೆಣಸಿನ ಮಟ್ಟಿಗೆ ಅಲ್ಲಿನ ಮಳೆ, ಬಿಸಿಲು, ಬಳ್ಳಿಯ ರೋಗ ಇವುಗಳ ಸುದ್ದಿ ನಿಮಗೆ ಹೆಚ್ಚು ಉಪಯೋಗ. ನಾಯಕರ ವಿಷಯಕ್ಕೆ ಬಂದರೆ, ಪಕ್ಷದ ಪ್ರಧಾನ ಕಾರ್ಯದರ್ಶಿ ನ್ಗುಯೆನ್ ಫು ಚೋಂಗ್ 2024ರ ಜುಲೈ 19ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಗಸ್ಟ್ 3ರಂದು ಕೇಂದ್ರ ಸಮಿತಿ ತೋ ಲಾಮ್ ಅವರನ್ನು ಆರಿಸಿತು. ಆಗಲೇ ರಾಷ್ಟ್ರಾಧ್ಯಕ್ಷರೂ ಆಗಿದ್ದ ಅವರು ಅಕ್ಟೋಬರ್‌ನಲ್ಲಿ ಆ ಹುದ್ದೆಯನ್ನು ಸೇನೆಯಿಂದ ಬಂದ ಲುವಾಂಗ್ ಕುವಾಂಗ್ ಅವರಿಗೆ ಬಿಟ್ಟುಕೊಟ್ಟರು. ಉನ್ನತ ಹುದ್ದೆಗಳನ್ನು ಹಲವರಿಗೆ ಹಂಚುವುದು ಅಲ್ಲಿನ ಹಳೆಯ ರೂಢಿ. ತೋ ಲಾಮ್ ಅವರ ಆಯ್ಕೆ ಇಷ್ಟು ಬೇಗ ಮುಗಿಯಲು ಒಂದು ಕಾರಣ ಉಂಟು: ಅವರು ಅದಕ್ಕೂ ಮೊದಲು ಎಂಟು ವರ್ಷ ಪೊಲೀಸ್ ಖಾತೆಯ ಮಂತ್ರಿಯಾಗಿದ್ದರು.